ಹಿರಿಯರ ಹೃದಯ ಮತ್ತು ಮನೆಯೊಳಗಿನ ಗಾಳಿ

(ಸಿಂಧನೂರಿನಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)

 

ವಿದ್ಯಾರ್ಥಿವೇತನದ ಸಭೆಯಲ್ಲಿ ಹೊಗೆಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ನಾನೂ ಇಂಥದೇ ನೆರವಿನಿಂದ ಓದಿದವನು. ದಾದಿಗೆ ಲಕ್ವಾ ಹೊಡೆದರೆ, ದಾದಾಗೆ ಎದೆನೋವು ಬಂದರೆ, ಆಸ್ಪತ್ರೆಯ ಬಿಲ್ಲು ಕಟ್ಟಲು ಮೊದಲು ನಿಲ್ಲುವುದು ಮೊಮ್ಮಗಳ ಕಾಲೇಜು. ಅದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹಾಗಾಗಿ ಹಿರಿಯರ ಆರೋಗ್ಯ ಈ ಸಭೆಯದೇ ವಿಷಯ.

ನಮ್ಮ ಮನೆಯದನ್ನೇ ಹೇಳುತ್ತೇನೆ. ನಮ್ಮ ಅಮ್ಮಿಗೆ ಬಿಪಿ, ಶುಗರ್ ಎರಡೂ ಇದ್ದವು. ಒಂದು ಬೆಳಿಗ್ಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ದೇವರ ದಯೆ, ಚೇತರಿಸಿಕೊಂಡರು. ಯಾರೋ ಹೇಳಿದರೆಂದು ಅವರ ಕೋಣೆಗೆ ಗಾಳಿ ಶುದ್ಧ ಮಾಡುವ ಮಷೀನು, ಅಂದರೆ ಏರ್ ಪ್ಯೂರಿಫೈಯರ್ ತಂದಿಟ್ಟೆ. ಒಂದೇ ತಿಂಗಳಿಗೆ ಅದರ ಫಿಲ್ಟರ್ ಕಪ್ಪಾಯಿತು. ರಸ್ತೆಯ ಧೂಳೆಂದುಕೊಂಡೆ. ಆದರೆ ಅಮ್ಮಿಯ ಕೋಣೆಗೆ ಅಂಟಿಕೊಂಡೇ ನಮ್ಮ ಬಚ್ಚಲು. ಅಲ್ಲಿ ದಿನಾ ನಸುಕಿನಲ್ಲಿ ಹತ್ತಿ ಕಟ್ಟಿಗೆ ಹಾಕಿ ಹಂಡೆಯ ನೀರು ಕಾಯಿಸುತ್ತಿದ್ದೆವು. ಎಷ್ಟೋ ವರ್ಷ ಅವರ ಮಾತ್ರೆ ಬದಲಿಸಿದ ನಾನು, ಆ ಹೊಗೆಯ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಲಕ್ವಾಕ್ಕೆ ಹೊಗೆಯೊಂದೇ ಕಾರಣ ಎನ್ನಲಾರೆ. ಆದರೆ ವೈದ್ಯನಾಗಿ ಅದು ನನ್ನ ತಪ್ಪೇ.

ಹೊಗೆ ಎಂದರೆ ಕೆಮ್ಮು, ದಮ್ಮು ಎಂದಷ್ಟೇ ನಾವು ತಿಳಿದಿದ್ದೇವೆ. ಹೊಗೆಯಲ್ಲಿ ಪಿಎಂ 2.5 ಎಂಬ ಕಣಗಳಿರುತ್ತವೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ, ಅಥವಾ ಅದಕ್ಕಿಂತ ಸಣ್ಣವು. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ತಳಕ್ಕೆ ಇಳಿದು ಉರಿಯೂತ ಎಬ್ಬಿಸುತ್ತವೆ. ಅದರಿಂದ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವುದು ಸುಲಭವಾಗುತ್ತದೆ. ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಹೃದಯಾಘಾತ ಮತ್ತು ಲಕ್ವಾದಿಂದ. ದೆಹಲಿ ಮತ್ತು ಚೆನ್ನೈಯ 12 ಸಾವಿರಕ್ಕೂ ಹೆಚ್ಚು ಜನರನ್ನು ಹಲವು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಣ ಹೆಚ್ಚಿದ್ದ ಕಡೆ ಶುಗರ್ ಕಾಯಿಲೆಯೂ ಹೆಚ್ಚು ಕಂಡಿತು.

ಹಾಗಾದರೆ ಮಷೀನಿನಿಂದ ಉಪಯೋಗವಿದೆಯೇ? ಇದೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕಡಿಮೆ ಆದಾಯದ 40 ಹಿರಿಯರ ಮನೆಗಳಲ್ಲಿ ಮೂರು ಮೂರು ದಿನ ಫಿಲ್ಟರ್ ಇಟ್ಟು ನೋಡಿದರು. 2018ರಲ್ಲಿ ಅದರ ವರದಿ ಬಂತು. ಒಳ್ಳೆಯ ಫಿಲ್ಟರ್ ಇದ್ದಾಗ ಅವರು ಉಸಿರಾಡಿದ ಕಣ ಅರ್ಧಕ್ಕಿಂತ ಕಡಿಮೆಯಾಯಿತು. ಫಿಲ್ಟರ್ ಇಟ್ಟ ದಿನಗಳಲ್ಲಿ ಮೇಲಿನ ಬಿಪಿ ಸರಾಸರಿ 3 ಪಾಯಿಂಟ್ ಇಳಿಯಿತು. ಸಣ್ಣ ಅಂಕಿ, ಆದರೆ ಮೂರೇ ದಿನದಲ್ಲಿ. ಹಾಗೆಂದು ಮಷೀನು ಬಂತೆಂದು ಬಿಪಿ, ಶುಗರ್ ಮಾತ್ರೆ ಬಿಡಬಾರದು.

ನಮ್ಮ ಊರುಗಳ ಹೊಗೆ ಡೆಟ್ರಾಯಿಟ್‌ನಂಥದಲ್ಲ. ಸಿಂಧನೂರು ಕಡೆ ಕಟಾವು ಮಷೀನು ಹೋದ ಮೇಲೆ ಗದ್ದೆಯ ಭತ್ತದ ಹುಲ್ಲಿಗೆ ಬೆಂಕಿ ಇಡುತ್ತಾರೆ. ಲಿಂಗಸುಗೂರು, ಮಸ್ಕಿಯ ಒಣಭೂಮಿಯ ಊರುಗಳಲ್ಲಿ ಒಲೆಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಬಹಳ ಮನೆಗಳಿಗೆ ಬಂದಿದೆ. ಆದರೆ ತುಂಬಿಸಲು ದುಡ್ಡಿಲ್ಲದೆ, ಮೆಹಮಾನರು ಬಂದಾಗ ಚಹಾಕ್ಕೆ ಮಾತ್ರ ಅದು ಉರಿಯುತ್ತದೆ. ಅಡುಗೆ ಮನೆಯಲ್ಲಿ ಒಲೆ ಹೊಗೆಯಾಡುತ್ತಿದ್ದರೆ ಪಕ್ಕದ ಕೋಣೆಯ ಮಷೀನು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಒಲೆಯ ವಿಷಗಾಳಿ ಕಾರ್ಬನ್ ಮೊನಾಕ್ಸೈಡನ್ನು ಈ ಫಿಲ್ಟರ್ ಹಿಡಿಯುವುದೂ ಇಲ್ಲ.

ಆದ್ದರಿಂದ ನನ್ನ ಸಲಹೆ ಈ ಕ್ರಮದಲ್ಲಿ:

1. ಮೊದಲು ಮನೆಯ ಹೊಗೆ ನಿಲ್ಲಲಿ. ಅಡುಗೆ ಗ್ಯಾಸಿನಲ್ಲಿ ಆಗಲಿ. ಹಂಡೆಯ ಒಲೆ ಅನಿವಾರ್ಯವಾದರೆ ಬಯಲಿಗೆ, ಹಿರಿಯರು ಮಲಗುವ ಕೋಣೆಯಿಂದ ದೂರಕ್ಕೆ ಹೋಗಲಿ.

2. ಸೊಳ್ಳೆ ಬತ್ತಿ ಬಿಟ್ಟು ಸೊಳ್ಳೆ ಪರದೆ ಕಟ್ಟಿ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ತೋರಿಸಿದೆ. ಲೋಬಾನ, ಊದುಬತ್ತಿಯ ಹೊಗೆಯೂ ಮುಚ್ಚಿದ ಕೋಣೆಯಲ್ಲಿ ಬೇಡ. ಬೀಡಿಯಂತೂ ಮನೆಯೊಳಗೆ ಬೇಡವೇ ಬೇಡ.

3. ಅಡುಗೆ ಮಾಡುವಾಗ ಕಿಟಕಿ ತೆರೆಯಿರಿ. ಗದ್ದೆಗೆ ಬೆಂಕಿ ಬಿದ್ದ ದಿನ ಹೊಗೆ ಬರುವ ಕಡೆಯ ಕಿಟಕಿ ಮುಚ್ಚಿ.

4. ಇಷ್ಟಾದ ಮೇಲೆ ಅನುಕೂಲವಿದ್ದರೆ ಮಷೀನು. ಹೃದ್ರೋಗ ಇರುವವರು ಮಲಗುವ ಕೋಣೆಗೆ ಒಂದೇ ಸಾಕು. ಹೆಪಾ ಫಿಲ್ಟರ್ ಇರಲಿ. ಪೆಟ್ಟಿಗೆಯ ಮೇಲೆ ಸಿಎಡಿಆರ್ ಎಂಬ ಅಂಕಿ ನೋಡಿ. 10ಕ್ಕೆ 12 ಅಡಿಯ ಕೋಣೆಗೆ ಗಂಟೆಗೆ 170ರಿಂದ 200 ಘನ ಮೀಟರ್ ಬೇಕು. ಓಜೋನ್ ಬಿಡುವ ಮಷೀನು ಕೊಳ್ಳಬೇಡಿ. ಫಿಲ್ಟರ್ ಬದಲಿಸುವ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ದಾನಿಗಳಲ್ಲಿ ಒಂದು ಅರಿಕೆ. ಮಷೀನು ಹಂಚಿದರೆ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ವಯಸ್ಸಾದ ರೋಗಿ ಇರುವ ಬಡ ಮನೆಗೆ ಸಿಲಿಂಡರ್ ತುಂಬಿಸಿಕೊಟ್ಟರೆ ಇಡೀ ಮನೆ ಉಸಿರಾಡುತ್ತದೆ. ಅಡುಗೆ ಮಾಡುವ ಸೊಸೆ, ಪಕ್ಕದಲ್ಲಿ ಕೂತು ಓದುವ ಮಗು, ಮೂಲೆಯಲ್ಲಿ ಮಲಗಿದ ದಾದಿ, ಮೂವರಿಗೂ ಅದು ಸಲ್ಲುತ್ತದೆ.

ವಿದ್ಯಾರ್ಥಿವೇತನ ಪಡೆದ ಮಕ್ಕಳಿಗೆ ಒಂದು ಕೆಲಸ. ಇಂದು ಮನೆಗೆ ಹೋಗಿ ಹಿರಿಯರ ಹಾಸಿಗೆಯ ಬಳಿ ಹತ್ತು ನಿಮಿಷ ಕೂತುಕೊಳ್ಳಿ. ಹೊಗೆ ಎಲ್ಲಿಂದ ಬರುತ್ತದೆ ನೋಡಿ. ತಿಂಗಳಿಗೊಮ್ಮೆ ಅವರ ಬಿಪಿ ನೋಡಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನಗೆ ಎಷ್ಟೋ ವರ್ಷ ಕಾಣದ್ದು ನಿಮಗೆ ಈ ಸಂಜೆಯೇ ಕಾಣಲಿ.

ನಮ್ಮ ಬಚ್ಚಲ ಒಲೆ ಈಗ ಹಿತ್ತಲಿಗೆ ಹೋಗಿದೆ. ಅಮ್ಮಿ ಇದ್ದಾರೆ, ಮೊಮ್ಮಕ್ಕಳ ಮಾರ್ಕ್ಸ್ ಕೇಳುತ್ತಾರೆ. ನಿಮ್ಮ ಮನೆಯ ಹಿರಿಯರೂ ಬಹುಕಾಲ ಹಾಗೆಯೇ ಕೇಳುತ್ತಿರಲಿ.