ಉಳಿದ ಹನ್ನೆರಡು ಎಲ್ಲಿ ಹೋದವು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದಾಗ ಗಣಿತದಲ್ಲಿ ನನಗೆ 88 ಅಂಕ ಬಂದವು. ಹೊಲಕ್ಕೆ ಓಡಿಹೋಗಿ ಅಪ್ಪನಿಗೆ ಹೇಳಿದೆ. ಕಬ್ಬಿಗೆ ನೀರು ಹಾಯಿಸುತ್ತಿದ್ದ ಅಪ್ಪ ತಲೆ ಎತ್ತದೆ ಕೇಳಿದರು: “ಉಳದ ಹನ್ನೆರಡು ಎಲ್ಲಿ ಹೋದೂವೋ?”

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಬಿ.ಇ. ಎರಡನೆಯ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದಾಗ ಮನೆಗೆ ತಿಳಿಸಲಿಲ್ಲ. ದೀಪಾವಳಿಗೂ ಊರಿಗೆ ಬರಲಿಲ್ಲ. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಅಪ್ಪನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕೋಣೆಯ ಗೆಳೆಯನೇ ಒತ್ತಾಯ ಮಾಡಿ ವೈದ್ಯರ ಬಳಿ ಕರೆದೊಯ್ದ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಅರ್ಧ ಭಾರ ಅಲ್ಲಿಯೇ ಇಳಿಯಿತು.

ಈಗ ಕಂಪನಿಯಲ್ಲಿ ನಾನು ಬರೆದ ಕೋಡಿನಲ್ಲಿ ಸಹೋದ್ಯೋಗಿಗಳು ದಿನವೂ ತಪ್ಪು ತೋರಿಸುತ್ತಾರೆ. ಸಂಜೆಗೆ ಮರೆತುಹೋಗುತ್ತದೆ. ಅವರು ‘ಈ ಸಾಲು ಸರಿಯಿಲ್ಲ’ ಎನ್ನುತ್ತಾರೆ. ‘ನೀನು ಸರಿಯಿಲ್ಲ’ ಎನ್ನುವುದಿಲ್ಲ. ನಮ್ಮವರ ಒಂದೇ ಮಾತು ಮಾತ್ರ ವರ್ಷಗಟ್ಟಲೆ ಚುಚ್ಚುತ್ತದೆ, ಯಾಕೆಂದರೆ ನಮ್ಮ ಬೆಲೆಯನ್ನು ನಾವು ಅವರ ಕಣ್ಣಿನಲ್ಲಿ ನೋಡಿಕೊಳ್ಳುತ್ತೇವೆ.

ಇಂಗ್ಲೆಂಡಿನಲ್ಲಿ ಜಿಲ್ ಹೂಲಿ ಮತ್ತು ಜಾನ್ ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ಖಿನ್ನತೆಯಿಂದ ಬಳಲಿದ ವಿವಾಹಿತರಿಗೆ ಒಂದು ಸರಳ ಪ್ರಶ್ನೆ ಕೇಳಿದ್ದರು: ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ? 1ರಿಂದ 10ರೊಳಗೆ ಅಂಕ ಕೊಡಿ. ಹೆಚ್ಚು ಅಂಕ ಕೊಟ್ಟವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸಿತು. 1989ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ನನಗೆ ಹೊಲದ ಆ ಮಾತು ನೆನಪಾಯಿತು. ಆಡಿದವರ ಮನಸ್ಸಿನಲ್ಲಿ ಏನೇ ಇರಲಿ, ಕೇಳಿದವರಿಗೆ ಏನನ್ನಿಸಿತು ಎಂಬುದೂ ಅಷ್ಟೇ ಮುಖ್ಯ.

ಕಳೆದ ಸಲ ಊರಿಗೆ ಬಂದಾಗ, ಕೃಷ್ಣೆಯ ದಂಡೆಯಲ್ಲಿ ಕುಳಿತು ಅಪ್ಪನನ್ನು ಕೇಳಿಯೇಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದರು. “ನಾ ಚಾಷ್ಟಿ ಮಾಡಿದ್ನೋ ತಮ್ಮಾ. ಅವತ್ತ ಸಂಜಿಕ ಊರ ತುಂಬ ನಿನ್ನ ಮಾರ್ಕ್ಸ್ ಹೇಳಿ ಬಂದಿದ್ನಿ” ಎಂದರು. ಊರಿಗೆಲ್ಲ ಹೇಳಿದ್ದರು, ನನಗೊಬ್ಬನಿಗೆ ಹೇಳಿರಲಿಲ್ಲ.

ತಂದೆತಾಯಂದಿರೆ, ತಪ್ಪು ತಿದ್ದಲೇಬೇಕು. ಆದರೆ ಬಂದ ಎಂಬತ್ತೆಂಟನ್ನು ಮೊದಲು ಮೆಚ್ಚಿರಿ. ಉಳಿದ ಹನ್ನೆರಡರ ಲೆಕ್ಕವನ್ನು ಆಮೇಲೆ ಮಕ್ಕಳ ಜೊತೆ ಕೂತು ಮಾಡಿರಿ. ಮಗ್ಗಲ ಮನೆಯ ಹುಡುಗನನ್ನು ನಡುವೆ ತರಬೇಡಿರಿ. ಮಕ್ಕಳೆ, ಮಾತು ಚುಚ್ಚಿದರೆ ನನ್ನಂತೆ ನುಂಗಿಕೊಂಡು ಕೂಡಬೇಡಿ. ಮನೆಯಲ್ಲಿ ಹೇಳಿ, ಆಗದಿದ್ದರೆ ಗುರುಗಳಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಅಪ್ಪ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರನ್ನು ಕೇಳಿಯೇ ಇದನ್ನೆಲ್ಲ ಹೇಳಿದ್ದೇನೆ.