ಓಬವ್ವನ ಕಿಂಡಿಯೂ ಕಂಪ್ಯೂಟರಿನ ಕದನವೂ



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಚಿತ್ರದುರ್ಗದ ಕೋಟೆ ನೋಡಬಂದ ಶಾಲೆಯ ಮಕ್ಕಳು ಮೊದಲು ಕೇಳುವುದು, 'ಓಬವ್ವನ ಕಿಂಡಿ ಎಲ್ಲಿ?' ಎಂದು. ಮದ್ದು ಅರೆಯುವ ಕಲ್ಲು, ಅಕ್ಕ ತಂಗಿಯರ ಹೊಂಡ, ಎಲ್ಲ ಆಮೇಲೆ. ಕಿಂಡಿಯನ್ನು ಕಂಡೊಡನೆ ಅವರ ಕಣ್ಣಿಗೆ ಕಟ್ಟುವ ಮುಖ ನಟಿ ಜಯಂತಿಯವರದು. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ತೆರೆಗೆ ತಂದ 'ನಾಗರಹಾವು' ರಾಮಾಚಾರಿಯ ಕತೆ. ಓಬವ್ವನಿಗೆ ಅದರಲ್ಲಿ ದೊರೆತದ್ದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಅಷ್ಟೇ ಸಾಕಾಯಿತು.

ಈಗ ಮಕ್ಕಳಿಗೆ ಇನ್ನೊಂದು ಆಸೆ. ತೆರೆಯ ಮೇಲೆ ಕಂಡ ಕಾಳಗವನ್ನು ಕಂಪ್ಯೂಟರಿನಲ್ಲಿ ತಾವೇ ನಡೆಸಬೇಕು. 'ಏಜ್ ಆಫ್ ಎಂಪೈರ್ಸ್', 'ಟೋಟಲ್ ವಾರ್' ಎಂಬ ಯುದ್ಧತಂತ್ರದ ಆಟಗಳ ಹೆಸರು ನಿಮ್ಮ ಮನೆಯಲ್ಲೂ ಕೇಳಿಬಂದಿರಬಹುದು. ಇವುಗಳಲ್ಲಿ ಮೊದಲನೆಯದರ ಎರಡನೆಯ ಭಾಗ ಬಂದದ್ದು 1999ರಲ್ಲಿ. ಅದರಲ್ಲಿ ಆಟಗಾರನೇ ಬೆಟ್ಟವೆಬ್ಬಿಸಿ, ಗೋಡೆ ಕಟ್ಟಿ, ಸೈನ್ಯ ನಿಲ್ಲಿಸಿ, 'ಇಂಥದು ನಡೆದರೆ ಇಂಥದಾಗಲಿ' ಎಂದು ಕಟ್ಟಳೆ ಹಾಕುವ ಅನುಕೂಲವುಂಟು.

ಹಾಗಾದರೆ ನಮ್ಮ ಕಿಂಡಿಯ ಕಾಳಗವನ್ನು ಕಟ್ಟಬಹುದೆ?

ಬಂಡೆ, ಬುರುಜು ನಿಲ್ಲಿಸುವುದು ಕಷ್ಟವಲ್ಲ. ತೊಡಕಿರುವುದು ಕಿಂಡಿಯಲ್ಲೇ. ಈ ಆಟಗಳಲ್ಲಿ ನಾವು ಹದ್ದಿನಂತೆ ಮೇಲಿನಿಂದ ನೋಡುತ್ತೇವೆ. ಸೈನ್ಯ ಗುಂಪುಗುಂಪಾಗಿ ನುಗ್ಗುತ್ತದೆ. ಓಬವ್ವನ ಬಲವಿದ್ದುದು ಇದಕ್ಕೆ ತೀರ ವಿರುದ್ಧವಾದುದರಲ್ಲಿ. ಹೈದರಾಲಿಯ ಸಿಪಾಯಿಗಳು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ನುಸುಳಬೇಕು, ಮುಂದೆ ಹೋದವನಿಗೆ ಏನಾಯಿತೆಂಬುದು ಹಿಂದಿನವನಿಗೆ ತಿಳಿಯಕೂಡದು. ಆಕೆ ಹೆಣವನ್ನು ಪಕ್ಕಕ್ಕೆಳೆದು ಮತ್ತೆ ಒನಕೆ ಎತ್ತಿದಳೆಂದು ಜನ ಹೇಳುವುದು ಅದಕ್ಕಾಗಿಯೇ. ಆದ್ದರಿಂದ ಒಬ್ಬ ಬಿದ್ದ ಮೇಲೆಯೇ ಇನ್ನೊಬ್ಬ ಕಾಣಿಸಿಕೊಳ್ಳುವಂತೆ ಕಟ್ಟಳೆ ಹಾಕಬೇಕಾಗುತ್ತದೆ.

ಇನ್ನು ಓಬವ್ವ ಯಾರಾಗಬೇಕು? ಆ ಆಟದಲ್ಲಿ ಹಳ್ಳಿಯ ಹೆಣ್ಣಾಳು ಉಂಟು. ಹಣ್ಣು ಆರಿಸುತ್ತಾಳೆ, ಹೊಲ ಗೆಯ್ಯುತ್ತಾಳೆ, ಸೌದೆ ಕಡಿಯುತ್ತಾಳೆ. ಸಿಪಾಯಿಯ ಎದುರು ನಿಂತರೆ ಬೇಗ ಬೀಳುತ್ತಾಳೆ. ಅವಳ ಬಲದ ಅಂಕಿಯನ್ನು ಹತ್ತು ಪಟ್ಟು ಏರಿಸಬಹುದು. ಹುಡುಗರು ಮಾಡುವುದೂ ಅದನ್ನೇ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಗಂಡನ ಊಟಕ್ಕೆ ನೀರು ತರಲು ಬಂದ ಹೆಂಗಸು ಹೋಗಿ ಯಾವುದೋ ರಾಕ್ಷಸಿ ನಿಲ್ಲುತ್ತಾಳೆ. ಅದರ ಬದಲು, ಕಿಂಡಿಯಿಂದ ತಲೆ ಹೊರಹಾಕಿದವನ ಬಲವನ್ನು ಒಂದು ಕ್ಷಣ ಇಳಿಸಿರಿ. ಬಗ್ಗಿ ಬರುವವನು ಕತ್ತಿ ಬೀಸಲಾರ. ಆ ಕ್ಷಣ ತಪ್ಪಿಸಿಕೊಂಡರೆ ಅವಳು ಸತ್ತಳು. ಆಗ ಆಟಕ್ಕೆ ಜೀವ ಬರುತ್ತದೆ.

ಗೆಲುವೆಂದರೇನು ಎಂಬುದು ಇನ್ನೂ ಕಠಿಣ. ಸಿನಿಮಾ ನೋಡಿದವರು ಹೆಣ ಎಣಿಸುತ್ತಾರೆ. ಆದರೆ ಇಲ್ಲಿ ಲೆಕ್ಕ ಹೊತ್ತಿನದು. ಕಾವಲಿನ ಮುದ್ದಹನುಮನ ಊಟ ಮುಗಿದು ಕಹಳೆ ಮೊಳಗುವತನಕ ಕಿಂಡಿ ಉಳಿಯಬೇಕು. ಆಕೆ ಉಳಿಯಲಿಲ್ಲ, ಹೇಗೆ ಸತ್ತಳೆಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ನಾಯಕಿ ಸತ್ತರೆ 'ಸೋತಿರಿ' ಎನ್ನುವುದು ಇಂಥ ಆಟಗಳ ವಾಡಿಕೆ. ಇಲ್ಲಿ ಆ ವಾಡಿಕೆಯನ್ನು ಮುರಿಯಲೇಬೇಕು. 1779ರಲ್ಲಿ ದುರ್ಗ ಹೈದರನ ವಶವಾಯಿತು, ಮದಕರಿನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ, ನಿಜ. ಅದನ್ನು ಬೇರೊಂದು ಆಟವಾಗಿ ಕಟ್ಟಲಿ.

ನಿಮ್ಮ ಮಕ್ಕಳು ಈ ಕೆಲಸಕ್ಕೆ ಕೈಹಾಕಿದರೆ, ಸಿನಿಮಾ ತೋರಿಸುವ ಮೊದಲು ಬೆಟ್ಟಕ್ಕೆ ಕರೆತನ್ನಿ. ಒಬ್ಬ ಕಿಂಡಿಯಲ್ಲಿ ನುಸುಳಲಿ, ಇನ್ನೊಬ್ಬ ಗಡಿಯಾರ ನೋಡಲಿ. ಎಷ್ಟು ಸೆಕೆಂಡು ಹಿಡಿಯಿತೋ ಅದನ್ನೇ ಆಟದಲ್ಲಿ ಮೊದಲು ಬರೆಯಲಿ.