ಸುಟ್ಟ ಬೆಳದಿಂಗಳು, ಕಾದ ಬೆಳದಿಂಗಳು

ಒಂದೇ ಬೆಳದಿಂಗಳು, ಕೂಡಿದವರಿಗೆ ತಂಪು, ಅಗಲಿದವರಿಗೆ ಕೆಂಡ. ನಮ್ಮ ಹಳೆಯ ಕವಿಗಳು ಒಲವಿನ ಏರಿಳಿತವನ್ನು ಅಳೆದದ್ದು ಈ ಅಳತೆಗೋಲಿನಿಂದಲೇ. ಮಹಾಕಾವ್ಯದ 18 ವರ್ಣನೆಗಳಲ್ಲಿ ಚಂದ್ರೋದಯಕ್ಕೂ ಸೂರ್ಯೋದಯಕ್ಕೂ ಜಾಗವಿತ್ತು. ಅವರ ಕಾವ್ಯಲೋಕದಲ್ಲಿ ಇರುಳಾದರೆ ನೈದಿಲೆ ಅರಳುತ್ತದೆ, ಚಕೋರ ತಿಂಗಳ ಬೆಳಕನ್ನು ಕುಡಿಯುತ್ತದೆ. ಜಕ್ಕವಕ್ಕಿಯ ಜೋಡಿ ಮಾತ್ರ ಅಗಲಿ, ಬೆಳಗಿನ ತನಕ ಒಂದನ್ನೊಂದು ಕೂಗುತ್ತದೆ.

ಸಂಸ್ಕೃತ ಕವಿ ಬಾಣನ ಕಥೆಯನ್ನು ಒಂದನೆಯ ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಅದರಲ್ಲಿ, ಅಚ್ಛೋದ ಸರೋವರದ ದಡದಲ್ಲಿ ಪ್ರೇಯಸಿ ಮಹಾಶ್ವೇತೆಗಾಗಿ ಹಂಬಲಿಸುತ್ತಿದ್ದ ಪುಂಡರೀಕ ಬೆಳದಿಂಗಳ ತಾಪ ತಾಳಲಾರದೆ, ಚಂದ್ರನನ್ನು ಶಪಿಸಿ ಪ್ರಾಣ ಬಿಡುತ್ತಾನೆ. ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೆ ಆ ದೇಹವನ್ನು ಎತ್ತಿಕೊಂಡು ಹೋಗಿ, ಮರಳಿ ಕೂಡುವ ದಿನದವರೆಗೆ ಕಾಪಾಡಿದವನೂ ಆ ಚಂದ್ರನೇ! ಶಾಪ ಹೊತ್ತು ಚಂದ್ರಾಪೀಡನಾಗಿ ಹುಟ್ಟಿ, ತಾನೂ ಪ್ರೀತಿಸಿ ನೋಯುತ್ತಾನೆ. ಸುಟ್ಟ ಬೆಳಕೇ ಕಾಯುವ ಬೆಳಕಾಯಿತು.

1209ರಲ್ಲಿ ಜನ್ನ ‘ಯಶೋಧರ ಚರಿತೆ’ ಬರೆದಾಗ ಚಂದ್ರನನ್ನು ಬಿಟ್ಟು ಕತ್ತಲನ್ನೇ ಹಿಡಿದ. ರಾಣಿ ಅಮೃತಮತಿ ಇರುಳಲ್ಲಿ ತೇಲಿಬಂದ ಮಾವಟಿಗನ ಹಾಡಿಗೆ ಸೋಲುತ್ತಾಳೆ. ಕಿವಿ ಒಲಿದ ಮೇಲೆ ಕಣ್ಣಿಗೆ ಕೆಲಸವೇ ಉಳಿಯಲಿಲ್ಲ. ಅವನನ್ನು ಕಂಡು ಬಂದ ದೂತಿ ಅವನ ವಿಕಾರ ರೂಪವನ್ನು ಬಣ್ಣಿಸಿದರೂ ಅವಳ ಮನಸ್ಸು ಕದಲುವುದಿಲ್ಲ. ಒಲವಿನೊಳಗೆ ಯಾವ ದೀಪವೂ ತಲುಪದ ಮೂಲೆಯೊಂದಿದೆ ಎಂದು ಜನ್ನ ಹೆದರದೆ ಹೇಳಿದ.

ಇನ್ನು 1942ಕ್ಕೆ, ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗೆ ಬನ್ನಿ. ಅಲ್ಲಿನ ಹಾಡೊಂದರಲ್ಲಿ ಮಾವನ ಮನೆಗೆ ರಾಯರು ಬಂದದ್ದೂ ಹುಣ್ಣಿಮೆಯ ರಾತ್ರಿಯೇ. ಹೊರಗೆ ತುಂಬಿದ ಚಂದ್ರ, ಒಳಗೆ ಮಡದಿ ಪದುಮಳಿಲ್ಲ. ಸಾವಿರ ವರ್ಷ ವಿರಹಿಗಳನ್ನು ಸುಟ್ಟ ಬೆಳದಿಂಗಳು ಇಲ್ಲಿ ಅಳಿಯನ ಒಂದು ರಾತ್ರಿಯ ಮುನಿಸಿಗಷ್ಟೇ ಸಾಕ್ಷಿ. ಬೆಳಗಾಗುತ್ತದೆ, ಪದುಮ ಬರುತ್ತಾಳೆ. ಜಕ್ಕವಕ್ಕಿಗಳ ಕಥೆಯೂ ಇದೇ ಅಲ್ಲವೇ? ಸರೋವರದ ದಡದಿಂದ ಅದು ನಮ್ಮ ಪಡಸಾಲೆಗೆ ಬಂತು, ಅಷ್ಟೆ.

ಮುಂದಿನ ಹುಣ್ಣಿಮೆಯಲ್ಲಿ, ಮನೆಯಿಂದ ದೂರವಿರುವ ಯಾರಾದರೂ ತಲೆಯೆತ್ತಿ ನಿಟ್ಟುಸಿರಿಟ್ಟಾರು. ಆ ನಿಟ್ಟುಸಿರಿನಲ್ಲಿ ಪುಂಡರೀಕನೂ ಇದ್ದಾನೆ, ರಾಯರೂ ಇದ್ದಾರೆ.